ಬಾಗಿಲಿರೋ ಕ್ಲಿಪ್ಪು, ದೇವಿಮನೆ ಘಟ್ಟ, ಮತ್ತೆ ನಾನು ಕೊಟ್ಟ ಒಂದು ಸುಳ್ಳು ಭರವಸೆ

ಹೋದ ಭಾನುವಾರ ಕುಮಟಾದಲ್ಲಿ ಮಗಳನ್ನ ಕರ್ಕೊಂಡು ಬಂದಿದ್ದ ಒಬ್ರು ಕೂತ್ಕೊಳ್ಳೋಕೂ ಮುಂಚೆನೇ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ್ರು. ಅದ್ರಲ್ಲೊಂದು ವಿಡಿಯೋ, ಹಲ್ಲಿನ ಮೇಲಿರೋ ಪುಟ್ಟ ಬಾಗಿಲು ಟಕ್ ಅಂತ ಮುಚ್ಕೊಳ್ತದೆ, ವಕ್ರ ಹಲ್ಲೆಲ್ಲ ತಮ್ಮಷ್ಟಕ್ಕೆ ಬಂದು ಸಾಲಾಗಿ ನಿಂತ್ಕೊಳ್ತವೆ. "ಮೇಡಮ್, ಈ ಬಾಗಿಲಿನ ಕ್ಲಿಪ್ ಹಾಕ್ಸಿದ್ರೆ ಹಲ್ಲು ಕೀಳೋದೇ ಬೇಡವಂತೆ, ಆರು ತಿಂಗಳಲ್ಲಿ ಮುಗೀತದಂತೆ, ಹೌದಾ?" ಹೊರಗೆ ಇನ್ನೂ ಹದಿನೇಳು ಜನ ಕಾಯ್ತಾ ಇದ್ರು, ಅರ್ಧಂಬರ್ಧ ಉತ್ತರ ಹೇಳಿ ಕಳಿಸಿದೆ, ಆಮೇಲೆ ಘಟ್ಟ ಹತ್ತಿ ಶಿರಸಿಗೆ ಬರೋವರೆಗೂ ಅದೇ ತಲೇಲಿ ಕೊರೀತಾ ಇತ್ತು. ಯಾಕಂದ್ರೆ ಒಂದು ಕಾಲದಲ್ಲಿ ಅದೇ ಮಾತನ್ನ ನಾನೇ ಹೇಳಿದ್ದೆ, ಹೇಳಿ ಒಂದು ಹುಡುಗಿಗೆ ತೊಂದ್ರೆ ಮಾಡಿದ್ದೆ. ಅದಕ್ಕೆ ಇವತ್ತು ಕೂತು ಪೂರ್ತಿ ಬರೀತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ, ಮಕ್ಕಳಿಗೆ ಕ್ಲಿಪ್ ಹಾಕ್ಸೋ ವಿಚಾರದಲ್ಲಿರೋರು ಓದಿ.

ನಾನು ಹಲ್ಲು ಸಾಲು ಮಾಡೋ ಡಾಕ್ಟ್ರು, ಅಂದ್ರೆ ಆರ್ಥೊಡಾಂಟಿಸ್ಟ್. ಮನೆ, ಕ್ಲಿನಿಕ್ ಶಿರಸೀಲಿ. ತಿಂಗಳಲ್ಲಿ ಎರಡು ಭಾನುವಾರ ಕುಮಟಾ, ಒಂದು ಭಾನುವಾರ ಕಾರವಾರ. ಅಲ್ಲಿಯ ಡೆಂಟಿಸ್ಟ್‌ಗಳ ಕ್ಲಿನಿಕ್ಕಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೋಡ್ತೇನೆ. ನಮ್ಮ ಜಿಲ್ಲೇಲಿ ಹೆಚ್ಚಿನ ಕಡೆ ಕ್ಲಿಪ್ಪಿನ ಟ್ರೀಟ್‌ಮೆಂಟ್ ನಡೆಯೋದೇ ಹೀಗೆ, ಡಾಕ್ಟ್ರು ತಿಂಗಳಿಗೊಮ್ಮೆ ಬರ್ತಾರೆ, ಅವತ್ತು ತಪ್ಪಿದ್ರೆ ಇನ್ನು ಮುಂದಿನ ತಿಂಗಳೇ. ಈ ಒಂದು ವಿಷಯ ನೆನಪಲ್ಲಿಡಿ, ಈ ಬಾಗಿಲಿನ ಕ್ಲಿಪ್, ಅಂದ್ರೆ ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್, ನಮ್ಮ ಕಡೆಯವ್ರಿಗೆ ಎಷ್ಟು ಉಪಯೋಗ ಅನ್ನೋದು ಅರ್ಧ ಇದ್ರ ಮೇಲೇ ನಿಂತಿದೆ.

ಮೊದ್ಲು ಅದು ಎಂತದು ಅಂತ ಹೇಳ್ತೇನೆ. ಹಲ್ಲಿಗೆ ಅಂಟಿಸೋ ಲೋಹದ ಚೂರಿಗೆ ಬ್ರಾಕೆಟ್ ಅಂತಾರೆ. ಅದ್ರ ನಡುವೆ ತೋಡಿದ ಹಾಗೆ ಒಂದು ಸಣ್ಣ ಸೀಳು ಇರ್ತದೆ, ನಾವು ಸ್ಲಾಟ್ ಅಂತೇವೆ, ಹೆಚ್ಚಾಗಿ 0.022 ಇಂಚು ಅಗಲ, ಅಂದ್ರೆ ಅರ್ಧ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಜಾಸ್ತಿ. ತಂತಿ ಕೂರೋದು ಆ ಸ್ಲಾಟಲ್ಲಿ. ಹಲ್ಲು ಎಳೆಯೋದು ತಂತಿ, ಬ್ರಾಕೆಟ್ ಬರೀ ಹಿಡಿ. ಈಗ ತಂತಿ ಸ್ಲಾಟಿಂದ ಹೊರಗೆ ಬರದ ಹಾಗೆ ಹಿಡಿದಿಡ್ಬೇಕಲ್ಲ, ಅದಕ್ಕೆ ಸಾದಾ ಬ್ರಾಕೆಟ್ಟಲ್ಲಿ ಪುಟ್ಟ ರಬ್ಬರ್ ಬಳೆ ಹಾಕ್ತೇವೆ, ಮಾಡ್ಯೂಲ್ ಅಂತ ಹೆಸರು, ಮಕ್ಕಳು ಕಲರ್ ಕಲರ್ ಹಾಕ್ಸ್ಕೊಳ್ತಾರಲ್ಲ ಅದೇ. ಇಲ್ಲಾ ಅಂದ್ರೆ ತೆಳು ಸ್ಟೀಲ್ ತಂತೀಲಿ ಒಂದೊಂದೇ ಹಲ್ಲಿಗೆ ತಿರುಪಿ ಕಟ್ತೇವೆ. ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್ಟಿಗೆ ಈ ಕಟ್ಟು ಬೇಡ, ಅದ್ರದ್ದೇ ಒಂದು ಬಾಗಿಲಿರ್ತದೆ, ತಂತಿ ಇಟ್ಟು ಬಾಗಿಲು ಸರಿಸಿದ್ರೆ ಆಯ್ತು. ನಮ್ಮ ತೋಟದ ದಣಪೆ, ಅಂದ್ರೆ ಗಳ ಸರಿಸಿ ಮುಚ್ಚೋ ಬೇಲಿ ಬಾಗಿಲು, ನೆನಪು ಮಾಡ್ಕೊಳ್ಳಿ. ಬೇಲಿಯ ಕಂಡಿಗೆ ಅಡ್ಡ ಕೋಲಿಟ್ಟು ಬಳ್ಳೀಲಿ ಕಟ್ಟಿದ್ರೂ ದನ ಒಳಗೆ ಬರೋದಿಲ್ಲ, ದಣಪೆಯ ಗಳ ಸರಿಸಿದ್ರೂ ಬರೋದಿಲ್ಲ, ಆದ್ರೆ ಬಳ್ಳಿ ನಾಲ್ಕು ದಿನಕ್ಕೆ ಒಣಗಿ ಸಡಿಲ ಆಗ್ತದೆ, ದಣಪೆ ಹಾಗಾಗೋದಿಲ್ಲ. ಅಷ್ಟೇ ವ್ಯತ್ಯಾಸ. ದನ ಬರದೇ ಇದ್ದದ್ದು ಎರಡರಲ್ಲೂ ಒಂದೇ.

ಇದು ಹೊಸ ಐಡಿಯಾ ಅಂತ ಜಾಹೀರಾತಲ್ಲಿ ಹೇಳ್ತಾರೆ, ಹೊಸದೇನಲ್ಲ. 1935ರಲ್ಲೇ ಅಮೆರಿಕದ ಸ್ಟೋಲ್ಜನ್‌ಬರ್ಗ್ ಅನ್ನೋರು ರಸೆಲ್ ಲಾಕ್ ಅಂತ ಒಂದನ್ನ ಬರೆದು ತೋರ್ಸಿದ್ರು, ಆಗ ಎಲ್ಲರೂ ತೆಳು ತಂತೀಲಿ ಕಟ್ತಾ ಇದ್ದ ಕಾಲ, ಒಂದು ಪೇಶೆಂಟಿಗೆ ಕಟ್ಟಿ ಮುಗಿಸೋಷ್ಟರಲ್ಲಿ ಬೆರಳು ನೋಯ್ತಿತ್ತು. ಆಮೇಲೆ ರಬ್ಬರ್ ಮಾಡ್ಯೂಲ್ ಬಂತು, ಅಗ್ಗ, ಬೇಗ ಆಗ್ತದೆ, ಎಲ್ಲರೂ ಅದಕ್ಕೆ ಹೋದ್ರು, ಬಾಗಿಲಿನ ಬ್ರಾಕೆಟ್ ಮೂಲೆಗೆ ಬಿತ್ತು. ಕೆನಡಾದ ಹ್ಯಾನ್ಸನ್ ಅವ್ರ ಸ್ಪೀಡ್ ಬ್ರಾಕೆಟ್, 1996ರಲ್ಲಿ ಡೇಮನ್ ಅವ್ರ ಬ್ರಾಕೆಟ್, ಆಮೇಲೆ ಇನೊವೇಶನ್, ಸ್ಮಾರ್ಟ್‌ಕ್ಲಿಪ್ ಅಂತ ಒಂದರ ಹಿಂದೆ ಒಂದು ಬಂದು ಇದು ಮತ್ತೆ ಮೇಲೆ ಬಂತು. ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬಾಗಿಲು ಬರೀ ಮುಚ್ಚತ್ತೆ, ತಂತಿ ಮೇಲೆ ಒತ್ತೋದಿಲ್ಲ, ತಂತಿ ಕೊಳವೆಯೊಳಗೆ ಇದ್ದ ಹಾಗೆ ಇರ್ತದೆ, ಅದು ಪ್ಯಾಸಿವ್. ಇನ್ನೊಂದರಲ್ಲಿ ಬಾಗಿಲೇ ಸಣ್ಣ ಸ್ಪ್ರಿಂಗು, ತಂತಿ ದಪ್ಪ ಆಗ್ತಾ ಹೋದ ಹಾಗೆ ಅದನ್ನ ಸ್ಲಾಟಿನ ತಳಕ್ಕೆ ಒತ್ತಿ ಹಿಡೀತದೆ, ಅದು ಆಕ್ಟಿವ್. ನಾನು ಎರಡೂ ಬಳಸಿದ್ದೇನೆ. ಇಕ್ಕಟ್ಟಿನ ಹಲ್ಲು ಶುರುವಿಗೆ ಬಿಡಿಸೋವಾಗ ಪ್ಯಾಸಿವ್ ಹಿತ, ಕೊನೇಲಿ ಒಂದೊಂದು ಹಲ್ಲಿನ ತಿರುವು, ಬೇರಿನ ವಾಲು ಸರಿ ಮಾಡೋವಾಗ ಆಕ್ಟಿವ್ ಕೈಗೆ ಬಗ್ತದೆ. ಪ್ಯಾಸಿವ್‌ನಲ್ಲಿ 0.019 ಬೈ 0.025 ಇಂಚಿನ ದಪ್ಪ ಸ್ಟೀಲ್ ತಂತಿ ಹಾಕಿದ್ರೂ ಸ್ಲಾಟಲ್ಲಿ ಒಂದು 10 ಡಿಗ್ರಿ ಸಡಿಲ ಇದ್ದೇ ಇರ್ತದೆ, ಆ ಸಡಿಲವನ್ನ ಡಾಕ್ಟ್ರು ತಂತಿ ತಿರುಚಿ ತುಂಬ್ಬೇಕು, ಬ್ರಾಕೆಟ್ ತಾನಾಗಿ ತುಂಬೋದಿಲ್ಲ.

ಈಗ ಕೆಲಸದ ಮಾತಿಗೆ ಬರ್ತೇನೆ. ಸಾದಾ ಬ್ರಾಕೆಟ್ ಇರೋ ಹುಡುಗ ಬಂದ ಅಂತ ಇಟ್ಕೊಳ್ಳಿ. ಮೇಲಿನ ಸಾಲು, ಕೆಳಗಿನ ಸಾಲು ಸೇರಿ ಇಪ್ಪತ್ತು ಹಳೇ ಮಾಡ್ಯೂಲ್ ಒಂದೊಂದೇ ಕಿತ್ತು ತೆಗೀಬೇಕು, ತಂತಿ ಬದಲು ಮಾಡ್ಬೇಕು, ಇಪ್ಪತ್ತು ಹೊಸ ಮಾಡ್ಯೂಲ್ ಎಳೆದು ಸಿಗಿಸ್ಬೇಕು, ಪ್ರತಿಯೊಂದಕ್ಕೂ ನಾಲ್ಕು ಮೂಲೆ, ಹಿಂದಿನ ಹಲ್ಲಿಗೆ ಎಂಜಲು, ಕೆನ್ನೆ, ನಾಲಿಗೆ ಎಲ್ಲ ಅಡ್ಡ. ಬಾಗಿಲಿನದ್ದಾದ್ರೆ ಟೂಲಿನ ತುದಿ ಇಟ್ಟು ಸ್ವಲ್ಪ ತಿರುಗಿಸಿದ್ರೆ ತೆರೀತದೆ, ತಂತಿ ಇಟ್ಟು ಬೆರಳಲ್ಲೋ ಟೂಲಲ್ಲೋ ಸರಿಸಿದ್ರೆ ಟಕ್. ಒಬ್ಬರಿಗೆ ಉಳಿಯೋದು ನಾಲ್ಕೈದು ನಿಮಿಷ ಇರ್ಬಹುದು, ಕೇಳೋಕೆ ಏನೂ ಅಲ್ಲ. ಆದ್ರೆ ಒಂದು ಭಾನುವಾರಕ್ಕೆ ಇಪ್ಪತ್ತೈದು ಜನ ಬಂದಾಗ, ಹೊನ್ನಾವರದ ಆಚೆಯಿಂದ ಬಸ್ಸಿಗೆ ಬಂದ ತಾಯಿ ವಾಪಸ್ ಬಸ್ಸಿನ ಟೈಮ್ ನೋಡ್ತಾ ಕೂತಿರೋವಾಗ ಆ ನಾಲ್ಕು ನಿಮಿಷ ಎಲ್ಲಿಗೆ ಹೋಗ್ತದೆ ಅಂತ ನಂಗೊತ್ತು. ಉಳಿದ ಹೊತ್ತಲ್ಲಿ ನಾನು ಬ್ರಷ್ ಹಿಡಿಯೋದು ಹೇಗೆ ಅಂತ ತೋರಿಸ್ತೇನೆ, ಎಷ್ಟೋ ಸಲ ಅದೇ ಮುಖ್ಯ ಆಗಿರ್ತದೆ.

ಇನ್ನು ಅರಿಶಿನ. ಹೊರಗಿನ ದೇಶದ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಇದ್ರೆ ಹೆಚ್ಚು, ನಮ್ಮಲ್ಲಿ ಇದು ದೊಡ್ಡ ಸಮಸ್ಯೆ. ದೊಡ್ಡೋರು, ಬ್ಯಾಂಕಲ್ಲಿ ಸ್ಕೂಲಲ್ಲಿ ಕೆಲಸ ಮಾಡೋರು ಬಿಳೀ ಸೆರಾಮಿಕ್ ಬ್ರಾಕೆಟ್ ಹಾಕ್ಸ್ಕೊಂಡು ಮೇಲೆ ಪಾರದರ್ಶಕ ಮಾಡ್ಯೂಲ್ ಕೇಳ್ತಾರೆ, ಎದ್ದು ಕಾಣಬಾರ್ದು ಅಂತ. ಅದನ್ನ ಹಾಕಿ ಕಳಿಸಿದ ಮಾರನೇ ದಿನ ಮನೇಲಿ ಒಂದು ಸಾಂಬಾರು, ಇಲ್ಲಾ ಮೀನಿನ ಹುಳಿ, ಮುಗೀತು. ಒಬ್ರು ಟೀಚರು ಮದುವೆ ಮನೆ ಊಟ ಮಾಡಿ ಎರಡೇ ದಿನಕ್ಕೆ ಫೋಟೋ ಕಳಿಸಿದ್ರು, ಒಂದೊಂದು ಹಲ್ಲಿನ ಮೇಲೂ ಚಿನ್ನದ ಉಂಗುರ ಇಟ್ಟ ಹಾಗೆ ಹಳದಿ, ಪಾಪ ಒಂದು ತಿಂಗಳು ಕ್ಲಾಸಲ್ಲಿ ಬಾಯಿ ಬಿಡೋಕೆ ಮುಜುಗರ ಪಟ್ಕೊಂಡ್ರು. ರಬ್ಬರ್ ಅರಿಶಿನ ಹೀರ್ಕೊಂಡ್ರೆ ಎಷ್ಟು ಉಜ್ಜಿದ್ರೂ ಹೋಗೋದಿಲ್ಲ. ಬಾಗಿಲಿನ ಬ್ರಾಕೆಟ್ಟಲ್ಲಿ ರಬ್ಬರೇ ಇಲ್ಲ, ಹಾಗಾಗಿ ಈ ಚಿಂತೆನೂ ಇಲ್ಲ. ಆದ್ರೆ ಸಂದು ಮುಚ್ಚೋಕೆ ಪವರ್ ಚೈನ್ ಅಂತ ರಬ್ಬರಿನ ಸರ ಹಾಕೋ ಹಂತ ಬಂದ್ರೆ ಅದು ಯಾವ ಬ್ರಾಕೆಟ್ಟಾದ್ರೂ ಹಳದಿ ಆಗೋದೇ, ಅದನ್ನ ನಾನು ಮೊದ್ಲೇ ಹೇಳ್ತೇನೆ. ಸಣ್ಣ ಮಕ್ಕಳ ಕಥೆ ಉಲ್ಟಾ, ಅವ್ರಿಗೆ ಕಲರ್ ಇಲ್ಲ ಅಂತ್ಲೇ ಬೇಜಾರು. ಕಾರವಾರದ ಒಬ್ಬ ಆರನೇ ಕ್ಲಾಸಿನ ಹುಡುಗ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬೇಕೇ ಬೇಕು ಅಂತ ಹಟ ಹಿಡಿದ, ಅವನ ಬ್ರಾಕೆಟ್ಟಿಗೆ ಬಾಗಿಲಿನ ಜೊತೆ ಮಾಡ್ಯೂಲ್ ಸಿಗಿಸೋ ರೆಕ್ಕೆನೂ ಇತ್ತು, ಮುಂದಿನ ಆರು ಹಲ್ಲಿಗೆ ಒಂದು ತಿಂಗಳ ಮಟ್ಟಿಗೆ ಹಾಕಿಕೊಟ್ಟೆ, ಮೂರು ಹಳದಿ ಮೂರು ಕೆಂಪು. ಟ್ರೀಟ್‌ಮೆಂಟಿಗೆ ಅದ್ರಿಂದ ಲಾಭ ಇಲ್ಲ, ಆದ್ರೆ ಆಮೇಲೆ ಅವ ಒಂದು ದಿನನೂ ಬ್ರಷ್ ತಪ್ಪಿಸ್ಲಿಲ್ಲ ಅಂತ ಅವನಮ್ಮ ಹೇಳಿದ್ರು.

ಮಳೆಗಾಲದ ವಿಷಯ ಹೇಳಲೇಬೇಕು. ರಬ್ಬರಿಗೆ ಒಂದು ಗುಣ ಇದೆ, ಬಾಯಲ್ಲಿ ಒದ್ದೆ ಬಿಸಿಯಲ್ಲಿ ಇದ್ದು ಇದ್ದು ಬಿಗಿ ಹೋಗ್ತದೆ, ಮೊದಲ ದಿನವೇ ಅರ್ಧದಷ್ಟು ಬಲ ಇಳಿದುಹೋಗ್ತದೆ, ನಾಲ್ಕಾರು ವಾರಕ್ಕೆ ಬದಲು ಮಾಡಬೇಕು. ತಿರುಗಿ ನಿಂತ ಕೋರೆಹಲ್ಲಿಗೆ ಕಟ್ಟಿದ್ದು ಸಡಿಲ ಆದ್ರೆ ತಂತಿ ಸ್ಲಾಟಿಂದ ಅರ್ಧ ಹೊರಗೆ ಬಂದು ನಿಲ್ತದೆ, ಆ ಹಲ್ಲು ಅಲ್ಲೇ ಬಾಕಿ. ಬಾಗಿಲು ಹಾಗಲ್ಲ, ಎಂಟು ಹತ್ತು ವಾರ ಆದ್ರೂ ಮುಚ್ಚಿದ್ದು ಮುಚ್ಚಿದ ಹಾಗೇ. ಒಳಗಿರೋ ನಿಕ್ಕಲ್ ಟೈಟಾನಿಯಂ ತಂತಿ ತನ್ನ ಆಕಾರಕ್ಕೆ ಬರೋವರೆಗೂ ಮೆಲ್ಲಗೆ ಕೆಲಸ ಮಾಡ್ತಾ ಇರ್ತದೆ, ಅದಕ್ಕೆ ನಾನು ಬೇಕಾಗೋದಿಲ್ಲ.

2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತು. ಅಲ್ಲಿ ಜೀವ ಹೋದವ್ರ ಎದುರು ಹಲ್ಲಿನ ಮಾತು ಎಂತದೂ ಅಲ್ಲ, ನಂಗೆ ಈಗ್ಲೂ ಆ ಜಾಗ ದಾಟೋವಾಗ ಮಾತು ಬರೋದಿಲ್ಲ. ಹೆದ್ದಾರಿ ವಾರಗಟ್ಲೆ ಬಂದ್ ಆಯ್ತು, ಅಂಕೋಲಾ ಕಡೆಯಿಂದ ಕುಮಟಾಕ್ಕೆ ಬರ್ತಿದ್ದ ನನ್ನ ಪೇಶೆಂಟ್‌ಗಳು ಯಾರೂ ಬರೋ ಹಾಗಿರ್ಲಿಲ್ಲ, ನಾನೂ ಕಾರವಾರಕ್ಕೆ ಹೋಗೋ ಹಾಗಿರ್ಲಿಲ್ಲ, ಆಗಸ್ಟ್ 7ರ ಬೆಳಗಿನ ಜಾವ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬೇರೆ ಬಿತ್ತು. ಕೆಲವ್ರನ್ನ ನಾನು ನೋಡಿದ್ದು ಹತ್ತು ವಾರ ಕಳೆದ ಮೇಲೆ. ಆವಾಗ ಅಕ್ಕಪಕ್ಕ ಇಟ್ಟು ನೋಡೋಕೆ ಸಿಕ್ತು. ಸಾದಾ ಬ್ರಾಕೆಟ್ಟವ್ರಲ್ಲಿ ಮಾಡ್ಯೂಲ್ ಒಂದೆರಡು ಕಳಚಿ ಬಿದ್ದಿತ್ತು, ಉಳಿದದ್ದು ಜೋತಾಡ್ತಿತ್ತು, ತಿರುಗಿದ ಹಲ್ಲು ತಿರುಗಿದ ಹಾಗೇ. ಬಾಗಿಲಿನ ಬ್ರಾಕೆಟ್ ಇದ್ದ ಒಬ್ಬ ಪಿಯುಸಿ ಹುಡುಗಿಗೆ 0.014 ಇಂಚಿನ ಮೊದಲ ತಂತಿ ಹಾಕಿ ಕಳಿಸಿದ್ದೆ, ಕೆಳಗಿನ ಮುಂದಿನ ನಾಲ್ಕು ಹಲ್ಲು ಒಂದರ ಮೇಲೊಂದು ಹತ್ತಿ ಕೂತಿದ್ವು, ಬಂದಾಗ ನೋಡಿದ್ರೆ ಸಾಲು ಬಿಡಿಸ್ಕೊಂಡು ನಿಂತಿದ್ವು. ನಿಜಕ್ಕೂ ಖುಷಿ ಆಯ್ತು. ಆದ್ರೆ ಅದೇ ದಿನ ಅದೇ ಬ್ರಾಕೆಟ್ ಹಾಕ್ಸಿದ್ದ ಇನ್ನೊಬ್ಬ ಹುಡುಗ ಬಂದ, ಮೊದಲ ವಾರದಲ್ಲೇ ಏಡಿ ಕಾಲು ಕಡಿದು ಒಂದು ಬ್ರಾಕೆಟ್ ಹಲ್ಲಿಂದ ಬಿಟ್ಟು ತಂತಿ ಮೇಲೆ ಗಿರಗಿರ ತಿರುಗ್ತಿತ್ತು, ಎರಡು ತಿಂಗಳು ಹೇಳೋರು ಕೇಳೋರು ಇಲ್ಲ, ಆ ಹಲ್ಲು ಇನ್ನೂ ಹೊರಗೆ ಹೋಗಿತ್ತು. ಅದಕ್ಕೆ ಈಗ ನಾನು ಎಲ್ಲರಿಗೂ ಮೂರು ವಾರಕ್ಕೊಮ್ಮೆ ವಾಟ್ಸಾಪಲ್ಲಿ ಫೋಟೋ ಕಳಿಸೋಕೆ ಹೇಳ್ತೇನೆ, ಎರಡು ಚಮಚದ ಹಿಡಿ ಕಡೆಯಿಂದ ಕೆನ್ನೆ ಎಳೆದು ಹಿಡಿದು ಬೆಳಕಿಗೆ ನಿಂತು ಎದುರು, ಎಡ, ಬಲ, ಮೂರು ಫೋಟೋ. ದೂರದ ಅಪಾಯಿಂಟ್‌ಮೆಂಟ್ ಕೊಡೋಕೆ ಧೈರ್ಯ ಬರೋದು ಈ ಫೋಟೋದಿಂದ.

ತೊಂದ್ರೆಗಳೂ ಇದ್ದಾವೆ. ಈ ಬ್ರಾಕೆಟ್ ಸ್ವಲ್ಪ ದಪ್ಪ, ಮೊದಲ ಎರಡು ವಾರ ತುಟಿಗೆ ತಾಗಿ ಹುಣ್ಣಾಗ್ತದೆ, ಮೇಣ ಹಚ್ಚಬೇಕು. ಬ್ರಷ್ ಸರಿ ಮಾಡದವ್ರಲ್ಲಿ, ಅದರಲ್ಲೂ ಕೆಳಗಿನ ಮುಂದಿನ ಹಲ್ಲಲ್ಲಿ, ಗಾರೆ ಕಟ್ಟಿ ಬಾಗಿಲು ತುಕ್ಕು ಹಿಡಿದ ಅಗುಳಿ ಹಾಗೆ ಆಗ್ತದೆ. ಶುರುವಿನ ದಿನಗಳಲ್ಲಿ ನಾನು ಬಲ ಹಾಕಿ ತೆರೆದು ಎರಡು ಬಾಗಿಲು ಮುರಿದಿದ್ದೇನೆ, ಒಂದು ಬಾಗಿಲು ಮುರಿದ್ರೆ ಆ ಬ್ರಾಕೆಟ್ಟೇ ಬದಲು, ಬೆಲೆ ಕಮ್ಮಿ ಅಲ್ಲ. ಈಗ ಮೊದ್ಲು ಸ್ಕೇಲರ್ ಹಿಡಿದು ಗಾರೆ ಬಿಡಿಸಿ ಆಮೇಲೇ ಟೂಲ್ ಇಡೋದು, ಎಡಗೈ ಬೆರಳು ಹಲ್ಲಿನ ಹಿಂದೆ ಆನಿಸಿ ಹಿಡ್ಕೊಂಡು, ಇಲ್ದಿದ್ರೆ ಮೊದಲೇ ಅಲ್ಲಾಡ್ತಿರೋ ಹಲ್ಲಿಗೆ ಜೀವ ಹೋಗೋ ನೋವು. ಅಂಟಿಸೋ ದಿನವೂ ಹುಷಾರಿರ್ಬೇಕು, ಹೆಚ್ಚಾದ ಅಂಟು ಒಂದು ಚೂರು ಬಾಗಿಲಿನ ಸಂದಿಗೆ ಹೋಗಿ ಲೈಟಿಗೆ ಗಟ್ಟಿ ಆದ್ರೆ ಆ ಬಾಗಿಲು ಹುಟ್ಟಿದಾಗಿಂದ್ಲೇ ಜಾಮ್. ಇನ್ನೊಂದು, ಪ್ಯಾಸಿವ್‌ನಲ್ಲಿ ತೆಳು ತಂತಿ ಸಲೀಸಾಗಿ ಜಾರ್ತದಲ್ಲ, ಅದೇ ಗುಣ ತೊಂದ್ರೆನೂ ಹೌದು. ಊಟ ಮಾಡ್ತಾ ಮಾಡ್ತಾ ತಂತಿ ಒಂದು ಕಡೆಗೆ ಸರಿದು ಹಿಂದಿನ ದವಡೆಯ ಆಚೆ ತುದಿ ಹೊರಟು ಕೆನ್ನೆ ಚುಚ್ಚತ್ತೆ, ರಾತ್ರಿ ಹತ್ತು ಗಂಟೆಗೆ ಫೋನ್ ಬರ್ತದೆ. ಅದಕ್ಕೆ ತಂತಿ ಮೇಲೆ ಸ್ಟಾಪ್ ಅಂತ ಸಣ್ಣ ಕೊಳವೆ ಹಿಸುಕಿ ಕೂರಿಸ್ತೇವೆ, ಅದನ್ನ ಮರೆತ್ರೆ ಗ್ಯಾರಂಟಿ ಆ ಫೋನ್ ಬಂದೇ ಬರ್ತದೆ.

ಈಗ ಆ ಹುಡುಗಿಯ ವಿಷಯ. ನಾನು ಪ್ರಾಕ್ಟೀಸ್ ಶುರು ಮಾಡಿ ಎರಡನೇ ವರ್ಷ, ಹುಬ್ಬಳ್ಳೀಲಿ ಒಂದು ಕಂಪನಿಯವ್ರು ದಿನವಿಡೀ ಟ್ರೈನಿಂಗ್ ಮಾಡಿದ್ರು. ಘರ್ಷಣೆ ಇಲ್ಲ, ಬಲ ಕಮ್ಮಿ, ಹಾಗಾಗಿ ಎಲುಬೇ ಅಗಲ ಆಗ್ತದೆ, ಹಲ್ಲು ಕೀಳೋದು ಹಳೇ ಕಾಲದ ಪದ್ಧತಿ ಅಂತ ಒಂದರ ಹಿಂದೊಂದು ಚಂದದ ಫೋಟೋ ತೋರಿಸಿದ್ರು. ನಂಬಿದೆ. ಮುಂದಿನ ತಿಂಗಳೇ ಸಿದ್ದಾಪುರ ಹತ್ತಿರದ ಹಳ್ಳಿಯಿಂದ ಒಬ್ಳು ಹದಿನಾಲ್ಕು ವರ್ಷದ ಹುಡುಗಿ ಬಂದ್ಲು, ಮೇಲೆ ಕೋರೆಹಲ್ಲು ಎರಡೂ ಹೊರಗೆ ಎತ್ತರಕ್ಕೆ ಹತ್ತಿ ಕೂತಿತ್ತು, ಅಳತೆ ಮಾಡಿದ್ರೆ ಒಂದೊಂದು ಸಾಲಲ್ಲಿ ಎಂಟೊಂಬತ್ತು ಮಿಲಿಮೀಟರ್ ಜಾಗ ಕಮ್ಮಿ. ತುಟಿ ಮೊದಲೇ ಸ್ವಲ್ಪ ಮುಂದೆ. ನಾನು ಕಲಿತ ಲೆಕ್ಕದ ಪ್ರಕಾರ ನಾಲ್ಕು ಸಣ್ಣ ದವಡೆ ಹಲ್ಲು ತೆಗೆಯೋ ಕೇಸು. ಆದ್ರೆ ಅವಳಮ್ಮ, "ಹಲ್ಲು ಕೀಳದೆಲ್ಲ ಬ್ಯಾಡ ಡಾಕ್ಟ್ರೇ, ಯಂಗಕ್ಕೆ ಹೆದ್ರಿಕೆ ಆಗ್ತು" ಅಂದ್ರು, ನಾನು ತಕ್ಷಣ, ಈಗ ಹೊಸ ಬ್ರಾಕೆಟ್ ಬಂದಿದೆ, ಸ್ವಲ್ಪ ದುಡ್ಡು ಜಾಸ್ತಿ, ಕೀಳೋದು ಬೇಡ ಅಂತ ಹೇಳಿಬಿಟ್ಟೆ. ಆ ವರ್ಷ ಅಡಿಕೆಗೆ ಕೊಳೆ ಬಂದಿತ್ತು, ಆದ್ರೂ ಮಗಳ ಹಲ್ಲು ಉಳೀತದಲ್ಲ ಅಂತ ಸೊಸೈಟೀಲಿ ಸಾಲ ಎತ್ತಿ ದುಡ್ಡು ಹೊಂದಿಸಿದ್ರು. ಅದು ನಂಗೆ ಆಮೇಲೆ ಗೊತ್ತಾಯ್ತು.

ಹದಿನಾಲ್ಕು ತಿಂಗಳಿಗೆ ಹಲ್ಲು ಸಾಲಾಯ್ತು. ಎದುರಿಂದ ನೋಡಿದ್ರೆ ಅಚ್ಚುಕಟ್ಟು. ಪಕ್ಕದಿಂದ ನೋಡಿದ್ರೆ ಮೇಲಿನದು ಕೆಳಗಿನದು ಎರಡೂ ಸಾಲು ಮುಂದಕ್ಕೆ ಬಾಗಿ, ಹುಡುಗಿ ಸುಮ್ನೆ ಕೂತಾಗ ತುಟಿ ಸೇರ್ತಾನೇ ಇರ್ಲಿಲ್ಲ, ಸೇರಿಸೋಕೆ ಹೋದ್ರೆ ಗದ್ದದ ಮೇಲೆ ಚರ್ಮ ಸುಕ್ಕುಗಟ್ಟಿ ಗುಳಿ ಗುಳಿ ಆಗ್ತಿತ್ತು. ನಾನು ಫೋಟೋ ತೆಗೀತೇನೆ ನಗು ಅಂದೆ. ಅವಳು ನಗೋಕೂ ಮುಂಚೆ ಕೈ ಬಾಯಿಗೆ ಹೋಯ್ತು. ಟ್ರೀಟ್‌ಮೆಂಟಿಗಿಂತ ಮುಂಚಿನ ಫೋಟೋದಲ್ಲಿ ಅವಳು ಆ ವಕ್ರ ಹಲ್ಲಲ್ಲೇ ಬಾಯ್ತುಂಬ ನಕ್ಕಿದ್ಲು. ಅವಳಪ್ಪ ಜೋರಾಗಿ ಒಂದು ಮಾತೂ ಆಡ್ಲಿಲ್ಲ, "ಡಾಕ್ಟ್ರೇ, ಬಾಯಿ ಮುಚ್ಚಲೇ ಬತ್ತಿಲ್ಲೆ ಇವಳಿಗೆ" ಅಂತ ಮೆಲ್ಲಗೆ ಹೇಳಿದ್ರು, ಅಷ್ಟೇ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ತಪ್ಪು ಎಲ್ಲಾಯ್ತು ಅಂತ ನೋಡಿದ್ರೆ ಲೆಕ್ಕ ತುಂಬ ಸರಳ. ಮುಂದಿನ ಹಲ್ಲು ಒಂದು ಮಿಲಿಮೀಟರ್ ಮುಂದೆ ಬಂದ್ರೆ ಸಾಲಲ್ಲಿ ಹೆಚ್ಚೂಕಮ್ಮಿ ಎರಡು ಮಿಲಿಮೀಟರ್ ಜಾಗ ಸಿಗ್ತದೆ. ಎಂಟು ಬೇಕು ಅಂದ್ರೆ, ಕೀಳದೇ, ಹಿಂದೆ ತಳ್ಳದೇ, ಹಲ್ಲಿನ ಅಕ್ಕಪಕ್ಕ ಸವೆಸದೇ, ಅದು ಮುಂದೆ ಬರ್ಲೇಬೇಕು ಇಲ್ಲಾ ಅಗಲಕ್ಕೆ ಹೋಗ್ಬೇಕು, ಬೇರೆ ದಾರಿನೇ ಇಲ್ಲ. ಬಾಗಿಲು ಇದ್ದ ಮಾತ್ರಕ್ಕೆ ಎಲುಬು ಬೆಳೆಯೋದಿಲ್ಲ. ಘರ್ಷಣೆಯ ಮಾತೂ ಹಾಗೇ. ಲ್ಯಾಬಲ್ಲಿ ತೆಳು ಗುಂಡು ತಂತಿ ಎಳೆದು ನೋಡಿದ್ರೆ ಘರ್ಷಣೆ ಕಮ್ಮಿ ಹೌದು. ಬಾಯಲ್ಲಿ ಹಲ್ಲು ನೇರ ಜಾರೋದಿಲ್ಲ, ಸ್ವಲ್ಪ ವಾಲ್ತದೆ, ವಾಲಿದ ಕೂಡ್ಲೇ ತಂತಿ ಸ್ಲಾಟಿನ ಎರಡು ಮೂಲೆಗೆ ಕಚ್ಕೊಳ್ತದೆ. ಆಷಾಢದ ಮಳೇಲಿ ಉಬ್ಬಿದ ಮರದ ಡ್ರಾಯರನ್ನ ಒಂದೇ ಕೈಲಿ ಓರೆ ಎಳೆದು ನೋಡಿ, ಎಷ್ಟು ಎಣ್ಣೆ ಹಚ್ಚಿದ್ರೂ ಕಚ್ಚಿ ನಿಲ್ತದಲ್ಲ, ಹಾಗೆ. ಅಲ್ಲಿ ಬಾಗಿಲಿದ್ರೂ ಒಂದೇ ರಬ್ಬರಿದ್ರೂ ಒಂದೇ. 2010ರಲ್ಲೇ ಅಮೆರಿಕದ ಆರ್ಥೊಡಾಂಟಿಕ್ ಜರ್ನಲಲ್ಲಿ ಅಲ್ಲಿವರೆಗಿನ ಸ್ಟಡಿಗಳನ್ನೆಲ್ಲ ಒಟ್ಟು ಹಾಕಿ ನೋಡಿದ ರಿವ್ಯೂ ಬಂದಿತ್ತು. ಕುರ್ಚೀಲಿ ಕೂರೋ ಹೊತ್ತು ಸ್ವಲ್ಪ ಕಮ್ಮಿ, ಕೆಳಗಿನ ಮುಂದಿನ ಹಲ್ಲು ಬಾಗೋದು ಒಂದೂವರೆ ಡಿಗ್ರಿಯಷ್ಟು ಕಮ್ಮಿ, ಅದು ಬಿಟ್ರೆ ಒಟ್ಟು ಎಷ್ಟು ತಿಂಗಳು ಹಿಡೀತದೆ ಅನ್ನೋದ್ರಲ್ಲಾಗ್ಲಿ ಬೇರೆ ಎಂತದ್ರಲ್ಲಾಗ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಸಿಗ್ಲಿಲ್ಲ ಅಂತ ಅದ್ರಲ್ಲಿತ್ತು. ನಾನು ಆ ಟ್ರೈನಿಂಗಿಗೆ ಹೋಗೋ ಮುಂಚೆ ಅದನ್ನ ಓದಿದ್ರೆ ಆ ಮನೆಯ ಸಾಲ ತಪ್ತಿತ್ತು.

ಅವರನ್ನ ಕರೆದು ಕೂರಿಸಿ ಎಲ್ಲ ಹೇಳಿದೆ, ತಪ್ಪು ನಂದೇ ಅಂತ ಹೇಳಿದೆ. ನಾಲ್ಕು ಹಲ್ಲು ತೆಗೆಸಿ ಮುಂದಿನ ಸಾಲು ಹಿಂದಕ್ಕೆ ತಂದು ಸಂದು ಮುಚ್ಚೋಕೆ ಇನ್ನೂ ಒಂದೂವರೆ ವರ್ಷ ಹಿಡೀತು, ಅದಕ್ಕೆ ದುಡ್ಡು ತಗೊಳ್ಲಿಲ್ಲ. ಒಂದೂವರೆ ವರ್ಷಕ್ಕೆ ಮುಗಿಯೋ ಕೆಲಸಕ್ಕೆ ಆ ಹುಡುಗಿ ಹೆಚ್ಚೂಕಮ್ಮಿ ಮೂರು ವರ್ಷ ಬಾಯಲ್ಲಿ ತಂತಿ ಇಟ್ಕೊಂಡಿದ್ಲು, ಎಸ್ಸೆಸ್ಸೆಲ್ಸಿ ಪೂರ್ತಿ ಅದ್ರಲ್ಲೇ ಕಳೀತು.

ಹಾಗಂತ ನಾನು ಈ ಬ್ರಾಕೆಟ್ ಬಿಟ್ಟಿಲ್ಲ, ಬಿಡೋದೂ ಇಲ್ಲ. ಹೇಳೋ ಕ್ರಮ ಬದಲಾಗಿದೆ. ಮೊದ್ಲು ಹಲ್ಲಿನ ಅಚ್ಚು, ಎಕ್ಸ್‌ರೇ ಇಟ್ಕೊಂಡು ಕೀಳಬೇಕೋ ಬೇಡ್ವೋ ಅನ್ನೋದು ತೀರ್ಮಾನ, ಆ ಹೊತ್ತಿಗೆ ಬ್ರಾಕೆಟ್ ಹೆಸರೇ ಎತ್ತೋದಿಲ್ಲ. ಅದು ಆದ್ಮೇಲೆ ಮನೆ ಎಲ್ಲಿ ಅಂತ ಕೇಳ್ತೇನೆ. ಶಿರಸಿ ಪೇಟೆಯೊಳಗೇ ಇದ್ದು ತಿಂಗಳಿಗೊಮ್ಮೆ ನಡ್ಕೊಂಡು ಬರೋ ಮಗು ಆದ್ರೆ ಸಾದಾ ಬ್ರಾಕೆಟ್ಟೇ ಸಾಕು, ಚಂದ ಆಗ್ತದೆ, ಬಾಗಿಲಿನ ಸೆಟ್ಟಿಗೆ ಸಾದಾ ಸೆಟ್ಟಿಗಿಂತ ಹಲವು ಪಟ್ಟು ಬೆಲೆ, ಅದನ್ನ ಯಾಕೆ ತೆರಬೇಕು. ಯಲ್ಲಾಪುರದ ಆಚೆ, ಜೋಯಿಡಾ, ಹೊನ್ನಾವರದ ಒಳಗಿನ ಹಳ್ಳಿ, ಮಳೆಗಾಲ ಬಂದ್ರೆ ಹಳ್ಳ ದಾಟೋಕಾಗದ ಕಡೆಯವ್ರು, ಹಾಸ್ಟೆಲಲ್ಲಿರೋ ಮಕ್ಕಳು, ರಜೆ ಸಿಗದ ಕೆಲಸದವ್ರು, ಇವ್ರಿಗೆ ಹತ್ತು ವಾರಕ್ಕೊಮ್ಮೆ ಬಂದ್ರೂ ನಡೀತದೆ ಅನ್ನೋದಕ್ಕೆ ಬೆಲೆ ಇದೆ, ಎರಡು ವರ್ಷದ ಬಸ್ ಚಾರ್ಜು, ತಾಯಿಯ ಕೂಲಿ ದಿನ ಲೆಕ್ಕ ಹಾಕಿದ್ರೆ ಕೆಲವೊಮ್ಮೆ ದುಬಾರಿ ಬ್ರಾಕೆಟ್ಟೇ ಅಗ್ಗ. ನೋವು ಕಮ್ಮಿ, ಬೇಗ ಮುಗೀತದೆ ಅಂತ ಯಾರಾದ್ರೂ ಹೇಳಿ ದುಡ್ಡು ಕೇಳಿದ್ರೆ ಮಾತ್ರ ಎದ್ದು ಬನ್ನಿ, ಇನ್ನೊಬ್ರ ಹತ್ರ ತೋರ್ಸಿ.

ತಿನ್ನೋದ್ರ ವಿಷಯಕ್ಕೆ ಯಾವ ಬ್ರಾಕೆಟ್ಟಿಗೂ ರಿಯಾಯ್ತಿ ಇಲ್ಲ. ನಮ್ಮ ಕಡೆ ಬ್ರಾಕೆಟ್ ಕಿತ್ತು ಬರೋದು ಹೆಚ್ಚಾಗಿ ಚಕ್ಕುಲಿ, ಕಬ್ಬು, ಹುರಿದ ಕಡಲೆ, ಏಡಿ, ಆಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ಗೊರಟು. ಹಲಸಿನ ಹಪ್ಪಳ ಕರಿದದ್ದು ಚೂರು ಮಾಡಿ ತಿಂದ್ರೆ ಪರವಾಗಿಲ್ಲ, ಸುಟ್ಟದ್ದು ಬೇಡ, ಗಟ್ಟಿ ಇರ್ತದೆ. ಮಾರಿಕಾಂಬಾ ಜಾತ್ರೆ ಮುಗಿದ ವಾರ ನನ್ನ ಕ್ಲಿನಿಕ್ಕಲ್ಲಿ ಬಿಟ್ಟ ಬ್ರಾಕೆಟ್ ಅಂಟಿಸೋದೇ ಕೆಲಸ, ಜಾತ್ರೇಲಿ ಮಕ್ಕಳಿಗೆ ಬೇಡ ಅನ್ನೋದು ಯಾರಿಂದ ಸಾಧ್ಯ ಹೇಳಿ. ತಂತಿ ಚುಚ್ಚಿದ್ರೆ ಮೇಣ ಉಂಡೆ ಮಾಡಿ ಒಣಗಿಸಿದ ತುದಿಗೆ ಒತ್ತಿ, ಮೇಣ ಇಲ್ದಿದ್ರೆ ಫೋಟೋ ಕಳಿಸಿ ಕೇಳಿ, ಬಾಗಿಲು ತಾನಾಗಿ ತೆರ್ಕೊಂಡ್ರೆ ಉಗುರಲ್ಲಿ ಪಿನ್ನಲ್ಲಿ ಮುಚ್ಚೋಕೆ ಹೋಗ್ಬೇಡಿ, ಮುರೀತದೆ. ಮುಗಿದ್ಮೇಲೆ ರಿಟೇನರ್, ಅಂದ್ರೆ ಸಾಲಾದ ಹಲ್ಲು ವಾಪಸ್ ಹೋಗದ ಹಾಗೆ ಹಿಡಿದಿಡೋದು, ಹಾಕಲೇಬೇಕು, ಹಲ್ಲಿಗೆ ಹಳೇ ಜಾಗದ ನೆನಪು ಬೇಗ ಹೋಗೋದಿಲ್ಲ.

ಆ ಸಿದ್ದಾಪುರದ ಹುಡುಗಿ ಈಗ ಡಿಗ್ರಿ ಮುಗ್ಸಿದ್ದಾಳೆ. ಮೊನ್ನೆ ರಿಟೇನರ್ ಸಡಿಲ ಆಗಿದೆ ಅಂತ ಬಂದಿದ್ಲು, ಜೊತೆಗೆ ಅಮ್ಮ, ಹನ್ನೆರಡು ವರ್ಷದ ತಮ್ಮ. ಅವನದ್ದೂ ಅಕ್ಕನದ್ದೇ ಬಾಯಿ, ಜಾಗ ಕಮ್ಮಿ. ಅಚ್ಚು ತೆಗೆದು ಮೇಜಿನ ಮೇಲಿಟ್ಟು ಅಳತೆ ತೋರಿಸಿದೆ, ನಾಲ್ಕು ಹಲ್ಲು ತೆಗೀಬೇಕು, ಯಾವ ಬ್ರಾಕೆಟ್ ಹಾಕಿದ್ರೂ ತೆಗೀಬೇಕು ಅಂದೆ. ಅಮ್ಮ ಅಚ್ಚನ್ನ ಕೈಗೆ ತಗೊಂಡು ಸುಮಾರು ಹೊತ್ತು ತಿರುಗಿಸಿ ತಿರುಗಿಸಿ ನೋಡಿದ್ರು. "ಅಕ್ಕು ಡಾಕ್ಟ್ರೇ, ಈ ಸರ್ತಿ ಮೊದ್ಲೇ ತೆಗದ್ಬಿಡಿ" ಅಂದ್ರು. ಆಮೇಲೆ ಮಳೆಗಾಲದಲ್ಲಿ ಅವ್ರ ಮನೆ ಹತ್ರ ಕಾಲುಸಂಕ ಮುಳುಗ್ತದೆ, ಬಸ್ಸೂ ಬರೋದಿಲ್ಲ ಅಂತ ಅವ್ರೇ ಹೇಳಿ, ಬಾಗಿಲಿಂದೇ ಹಾಕಿ ಅಂದ್ರು. ಹುಡುಗ ಕಲರ್ ಇಲ್ವಾ ಅಂತ ಮುಖ ಸಣ್ಣ ಮಾಡಿದ, ಅಕ್ಕ ಅವನ ತಲೆ ಮೇಲೆ ಒಂದು ಮೊಟಕಿ ನಕ್ಕಳು, ಕೈ ಅವನ ತಲೆ ಮೇಲೇ ಇತ್ತು, ಬಾಯಿಗೆ ಹೋಗ್ಲಿಲ್ಲ. ಮುಂದಿನ ಮಂಗಳವಾರ ಮೊದಲ ಎರಡು ಹಲ್ಲು ತೆಗೀತಿದ್ದೇವೆ.